ಡಿಸ್ಚಾರ್ಜ್ ಆದ ಮೇಲೆ ಗಣಿ ಡ್ರೈವರ್‌ಗಳನ್ನು ನೋಡಿಕೊಳ್ಳುವವರು ಯಾರು?

ಸಂಡೂರು ಕಡೆಯ ಅದಿರು ಗಣಿಗಳಲ್ಲಿ ಬೊಲೆರೊ, ಕ್ಯಾಂಪರ್‌ನಂಥ ಸಣ್ಣ ಗಾಡಿ ಓಡಿಸುವ ಡ್ರೈವರ್‌ಗೆ ಟಿಪ್ಪರ್ ಅಥವಾ ಡಂಪರ್ ಗುದ್ದಿದರೆ ಎಲ್ಲರೂ ಕೇಳುವುದು ಮೊದಲ ದಿನದ ಸುದ್ದಿಯನ್ನೇ. ಆಂಬುಲೆನ್ಸ್ ಬಂತಾ, ಆಪರೇಷನ್ ಆಯ್ತಾ, ಜೀವಕ್ಕೆ ಏನೂ ತೊಂದರೆ ಇಲ್ವಾ? ಅವನು ಊರಿಗೆ ಹೋಗಿ ಮಂಚದ ಮೇಲೆ ಮಲಗಿದ ಮೇಲೆ ಯಾರೂ ಕೇಳುವುದಿಲ್ಲ. ನಾನು ಹೊಸಪೇಟೆಯಲ್ಲಿ ಫಿಜಿಯೋಥೆರಪಿ ಮಾಡುವವಳು. ಈ ಡ್ರೈವರ್‌ಗಳಲ್ಲಿ ಹೆಚ್ಚಿನವರು ನನ್ನ ಹತ್ತಿರ ಬರುವುದು ಮಂಡಿ ಪೂರ್ತಿ ಬಿಗಿದುಕೊಂಡ ಮೇಲೆಯೇ. ನೋಡಿದರೆ ಹೊಟ್ಟೆ ಉರಿಯುತ್ತದೆ, ಯಾಕೆಂದರೆ ಬೇಗ ಬಂದಿದ್ದರೆ ಅದರಲ್ಲಿ ಎಷ್ಟೋ ತಪ್ಪಿಸಬಹುದಿತ್ತು.

ಡಂಪರ್ ಓಡಿಸುವವನು ತುಂಬಾ ಎತ್ತರದಲ್ಲಿ ಕೂತಿರುತ್ತಾನೆ. ಗಾಡಿಯ ಮೂತಿಯ ಹತ್ತಿರ, ಪಕ್ಕದಲ್ಲಿ ಏನಿದೆ ಅಂತ ಅವನಿಗೆ ಕಾಣುವುದಿಲ್ಲ. ಗಣಿಯ ಸಣ್ಣ ಗಾಡಿಗಳಿಗೆ ಉದ್ದ ಕಂಬ ಕಟ್ಟಿ ಬಾವುಟ ಹಾಕುವುದು ಅದಕ್ಕೇ. ಗುದ್ದಿದಾಗ ಸಣ್ಣ ಗಾಡಿಯ ಮುಂಭಾಗ ಒಳಗೆ ಒತ್ತಿ ಬಂದು ಡ್ರೈವರ್‌ನ ಮಂಡಿ, ತೊಡೆ ಎಲುಬು, ಸೊಂಟದ ಕೀಲು ಒಟ್ಟಿಗೇ ಪೆಟ್ಟು ತಿನ್ನುತ್ತವೆ, ಎದೆ ಸ್ಟೀರಿಂಗ್‌ಗೆ ಬಡಿಯುತ್ತದೆ, ಚರ್ಮ ಹರಿದಿದ್ದರೆ ಗಾಯದೊಳಗೆ ಮಣ್ಣು ಸೇರುತ್ತದೆ. ಇಂಥ ಗಾಯ ಹೊಲಿಗೆ ಬಿಚ್ಚಿದ ದಿನ ಮುಗಿಯುವುದಿಲ್ಲ. ಕೀವು ವಾರಗಳ ನಂತರವೂ ಬರಬಹುದು. ಕಾಲಿಗೆ ಹೊರಗಿನಿಂದ ರಾಡ್ ಹಾಕಿದ್ದರೆ ಪಿನ್ ಒಳಹೋಗುವ ಜಾಗವನ್ನು ಆಸ್ಪತ್ರೆಯಲ್ಲಿ ತೋರಿಸಿಕೊಟ್ಟ ಹಾಗೆಯೇ ಶುಚಿ ಮಾಡಬೇಕು. ಅಲ್ಲಿ ಕೆಂಪಾಗಿ, ನೋವು ಜಾಸ್ತಿಯಾಗಿ, ನೀರು ಜಿನುಗಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ.

ಮನೆಯವರು ಗಮನ ಇಡಬೇಕಾದ ಇನ್ನೂ ಕೆಲವು ವಿಷಯಗಳಿವೆ. ತಲೆಗೆ ಪೆಟ್ಟು ಬಿದ್ದಿದ್ದರೆ, ಮೊದಲ ಸ್ಕ್ಯಾನ್ ಸರಿಯಾಗಿಯೇ ಬಂದಿದ್ದರೂ, ಕೆಲವು ವಾರಗಳ ಮೇಲೆ ಮಿದುಳಿನ ಸುತ್ತ ನಿಧಾನವಾಗಿ ರಕ್ತ ಕೂಡಿಕೊಳ್ಳಬಹುದು. ವಯಸ್ಸಾದವರಲ್ಲಿ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇದು ಜಾಸ್ತಿ. ದಿನದಿಂದ ದಿನಕ್ಕೆ ಏರುವ ತಲೆನೋವು, ವಾಂತಿ, ತೂಕಡಿಕೆ, ಒಂದು ಕೈ ಕಾಲಿನ ಬಲ ಕಡಿಮೆಯಾಗುವುದು, ಇದರಲ್ಲಿ ಯಾವುದು ಕಂಡರೂ ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಮೀನಖಂಡ ಊದಿ ಬಿಸಿಯಾಗಿ ನೋಯುತ್ತಿದ್ದರೆ ಒಳಗಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿರಬಹುದು. ಅದಕ್ಕೆ ಎಣ್ಣೆ ಹಚ್ಚಿ ತಿಕ್ಕಬೇಡಿ, ದಯವಿಟ್ಟು. ಆ ಹೆಪ್ಪು ಜಾರಿ ಶ್ವಾಸಕೋಶಕ್ಕೆ ಹೋದರೆ ಜೀವವೇ ಹೋಗಬಹುದು. ಹೊಟ್ಟೆಗೆ ಪೆಟ್ಟಾಗಿ ಗುಲ್ಮ (ಸ್ಪ್ಲೀನ್) ತೆಗೆದಿದ್ದರೆ ಲಸಿಕೆಗಳ ಬಗ್ಗೆ ಡಾಕ್ಟರನ್ನು ನೀವೇ ಕೇಳಿ. ಅಂಥವರಿಗೆ ಬರುವ ಜ್ವರವನ್ನು ಸಾದಾ ಜ್ವರ ಅಂತ ಬಿಡುವ ಹಾಗಿಲ್ಲ.

ಇನ್ನು ನನ್ನ ಕೆಲಸದ ಮಾತು. "ಎಲುಬು ಕೂಡಲಿ, ಆಮೇಲೆ ವ್ಯಾಯಾಮ" ಅನ್ನುವುದೇ ದೊಡ್ಡ ನಷ್ಟ. ಕಾಲ ಮೇಲೆ ಭಾರ ಯಾವಾಗ ಹಾಕಬೇಕು ಅಂತ ಡಾಕ್ಟರ್ ಹೇಳುತ್ತಾರೆ, ಅದನ್ನು ಮೀರಬೇಡಿ. ಆದರೆ ಪಾದ ಮೇಲೆ ಕೆಳಗೆ ಆಡಿಸುವುದು, ಮಂಡಿ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು, ಇಂಥವನ್ನು ಎಷ್ಟೋ ಸಲ ಮಂಚದ ಮೇಲೆಯೇ ಶುರು ಮಾಡಬಹುದು. ನಿಮ್ಮ ಕಾಲಿಗೆ ಯಾವುದು ಸರಿ ಅಂತ ಡಿಸ್ಚಾರ್ಜ್ ದಿನವೇ ಕೇಳಿಕೊಳ್ಳಿ. ಮೊಣಕಾಲ ಕೆಳಗಿನ ಎಲುಬು ಕೂಡಲು ನಾಲ್ಕರಿಂದ ಆರು ತಿಂಗಳು ಹಿಡಿಯುವುದು ಸಾಮಾನ್ಯ, ಬೀಡಿ ಸಿಗರೇಟು ಸೇದಿದರೆ ಇನ್ನೂ ತಡ. ಈ ನಡುವೆ ಬೇಸತ್ತು ನಾಟಿ ಕಟ್ಟು ಹಾಕಿಸಲು ಹೋಗುವವರು ತುಂಬಾ ಜನ. ಒಳಗೆ ಪ್ಲೇಟು, ರಾಡು ಇರುವ ಕಾಲನ್ನು ಎಳೆದು ತಿರುಗಿಸಿ ಬಿಗಿಯಾಗಿ ಕಟ್ಟಿದರೆ ಮಾಡಿದ ಆಪರೇಷನ್ನೇ ಕೆಡುತ್ತದೆ.

ಕಾಗದ ಪತ್ರದ ವಿಷಯವನ್ನೂ ಇಲ್ಲೇ ಹೇಳುತ್ತೇನೆ, ಯಾಕೆಂದರೆ ದುಡ್ಡಿಲ್ಲದೆ ಚಿಕಿತ್ಸೆ ಅರ್ಧಕ್ಕೆ ನಿಲ್ಲುವುದೇ ಜಾಸ್ತಿ. ಅಪಘಾತ ಗಣಿಯ ಒಳಗೆ ಆಗಿದ್ದರೂ ಆಸ್ಪತ್ರೆಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸರಿಗೂ ತಿಳಿಸುವ ಮೆಡಿಕೋ ಲೀಗಲ್ ಕೇಸ್ ದಾಖಲೆ, ಮಾಡಿಸಿ. "ಬಿದ್ದು ಪೆಟ್ಟಾಯಿತು" ಅಂತ ಬರೆಸೋಣ, ಖರ್ಚು ನಾವೇ ನೋಡಿಕೊಳ್ಳುತ್ತೇವೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಗಣಿಯ ದಾರಿ ಸಾರ್ವಜನಿಕ ಸ್ಥಳವಲ್ಲ ಅಂತ ವಿಮೆ ಕಡೆಯವರು ವಾದ ಮಾಡಬಹುದು. ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿ ಕ್ಲೇಮಿಗೆ ಆರು ತಿಂಗಳ ಗಡುವನ್ನೂ ಹಾಕಿದೆ. ಹಾಗಾಗಿ ವಕೀಲರನ್ನು ಬೇಗ ನೋಡಿ. ಕೆಲಸದ ವೇಳೆ ಆದ ಗಾಯಕ್ಕೆ ಮಾಲೀಕರೇ ಪರಿಹಾರ ಕೊಡಬೇಕೆಂಬ ಕಾನೂನು 1923ರಲ್ಲೇ ಬಂದಿತ್ತು, ಈಗ ಅದು 2020ರ ಸಾಮಾಜಿಕ ಭದ್ರತಾ ಸಂಹಿತೆಯಲ್ಲಿ ಸೇರಿದೆ, ಗುತ್ತಿಗೆದಾರನ ಕೈಕೆಳಗೆ ಇದ್ದವರನ್ನೂ ಅದು ಬಿಟ್ಟಿಲ್ಲ. ಪ್ರತಿ ಬಿಲ್ಲು, ಎಕ್ಸ್‌ರೇ, ಫಿಜಿಯೋ ಚೀಟಿ ಎಲ್ಲ ಒಂದೇ ಫೈಲಲ್ಲಿ ಇಡಿ.

ಮತ್ತೆ ಸ್ಟೀರಿಂಗ್ ಹಿಡಿಯುವುದು ಯಾವಾಗ? ಎಲ್ಲರೂ ಮೊದಲು ಕೇಳುವುದು ಇದನ್ನೇ, ಗಾಡಿಯ ಕಂತು ತಲೆ ಮೇಲಿರುತ್ತದೆ, ಅಲ್ವಾ? ಬಲಗಾಲಿನ ಎಲುಬು ಮುರಿದಿದ್ದರೆ, ಪೂರ್ತಿ ಭಾರ ಹಾಕಿ ನಡೆಯಲು ಶುರು ಮಾಡಿ ಸುಮಾರು ಆರು ವಾರವಾದರೂ ಆಗುವವರೆಗೆ ಬ್ರೇಕ್ ಒತ್ತುವ ವೇಗ ಮೊದಲಿನಂತೆ ಇರುವುದಿಲ್ಲ. ಕಾಲು ಸರಿಹೋದರೂ ಹಿಂದಿನಿಂದ ಟಿಪ್ಪರ್ ಹಾರ್ನ್ ಕೇಳಿದರೆ ಕೈ ನಡುಗುವುದು, ರಾತ್ರಿ ಅದೇ ಕನಸು ಬೀಳುವುದು ಕೆಲವರಿಗೆ ಹೋಗುವುದಿಲ್ಲ. ಒಂದು ತಿಂಗಳಾದರೂ ಹಾಗೇ ಇದ್ದರೆ ಅದಕ್ಕೂ ಚಿಕಿತ್ಸೆ ಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ದುಡ್ಡು ಕೊಡಬೇಕಿಲ್ಲ. ಗಾಡಿ ಓನರ್‌ಗಳಲ್ಲಿ, ಗುತ್ತಿಗೆದಾರರಲ್ಲಿ ನನ್ನದೊಂದು ಬೇಡಿಕೆ ಇದೆ. ಫಿಜಿಯೋಗೆ ಹೋಗಿ ಬರಲು ಗಾಯಗೊಂಡ ಡ್ರೈವರ್‌ಗೆ ಗಾಡಿ ವ್ಯವಸ್ಥೆ ಮಾಡಿ, ಕೆಲಸಕ್ಕೆ ವಾಪಸ್ ಬಂದಾಗ ಕೆಲವು ವಾರ ಗೇಟಿನಲ್ಲೋ ಸ್ಟೋರಿನಲ್ಲೋ ಕೂರಿಸಿ, ಆಮೇಲೆ ಕೀಲಿ ಕೊಡಿ.