ಬೆಕ್ಕಿಗೊಂದು ಹಾರ್ನು: ಒಂಬತ್ತನೇ ವಾರದವರೆಗೆ

ನಮ್ಮ ಮನೆ ಆಲ್ದೂರಿನ ಹತ್ತಿರ. ಮುಂದೆ ಮೂಡಿಗೆರೆ ರಸ್ತೆ, ಹಿಂದೆ ಕಾಫಿ ತೋಟ. ಶನಿವಾರ ಬಂತೆಂದರೆ ಪ್ರವಾಸಿಗರ ಕಾರು ಒಂದರ ಹಿಂದೆ ಒಂದು. ತೋಟದ ಕಡೆ ಬೀಡಾಡಿ ನಾಯಿ, ಆಗಾಗ ಚಿರತೆಯ ಸುದ್ದಿ. ನಡುವೆ ನಮ್ಮ ಎರಡು ಬೆಕ್ಕು, ಕರಿಯ ಮತ್ತು ಬೆಳ್ಳಿ. ಇಲಿ ಹಿಡಿಯಲಿ ಅಂತ ಅತ್ತೆ ತಂದವು, ಹಗಲೆಲ್ಲ ಕೂಡಿ ಹಾಕುವ ಮಾತೇ ಇಲ್ಲ. ಕತ್ತಲಾಗುವ ಮುಂಚೆ ಸೌದೆ ಕೋಣೆಯೊಳಗೆ ಬಂದರೆ ಸಾಕು, ಕಿಟಕಿಗೆ ಜಾಲರಿ ಹೊಡೆದಾಗಿದೆ.

ಮೊದಲ ವಾರ ಸುಮ್ನೆ ಬರೆದಿಟ್ಟೆ. ಕರಿಯ ಸಂಜೆ ಆರೂವರೆಗೆ ಹೊರಟರೆ ಬರುವುದು ಬೆಳಿಗ್ಗೆ ಎಂಟಕ್ಕೆ. ಒಮ್ಮೆ ಬಂದಾಗ ಕಿವಿ ಹರಿದಿತ್ತು, ಮೂಗಿನಲ್ಲಿ ಇಂಬಳ (ಜಿಗಣೆ).

ಎರಡನೇ ವಾರ ಅವನಿಗೆ ಸಂತಾನಹರಣದ ಆಪರೇಷನ್. ಬೆಳ್ಳಿಗೆ ಹೋದ ವರ್ಷವೇ ಆಗಿತ್ತು, ಅದೂ ಎರಡು ಸಲ ಮರಿ ಹಾಕಿದ ಮೇಲೆ. ನಾಲ್ಕೈದು ತಿಂಗಳಿಗೇ ಬೆಕ್ಕು ಗಬ್ಬ ಆಗಬಹುದು ಅಂತ ಆಗ ನಮಗೆ ಗೊತ್ತಿರಲಿಲ್ಲ. ಗಂಡಿನ ಅಲೆದಾಟ ಮರುದಿನವೇ ನಿಲ್ಲುವುದಿಲ್ಲ, ಕೆಲವು ವಾರ ಬೇಕು.

ಆ ಕೆಲವು ವಾರ ನಾನು ಬೇಲಿಗೆ ಬಿದ್ದೆ. ರಸ್ತೆ ಕಡೆಯ ಬೇಲಿಯ ನೆತ್ತಿಗೆ ತಂತಿ ಎಳೆದು, ಮೂರು ಇಂಚಿನ ಪಿವಿಸಿ ಪೈಪಿನ ತುಂಡು ಪೋಣಿಸಿದೆ. ಕಾಲಿಟ್ಟರೆ ಪೈಪು ತಿರುಗುತ್ತದೆ, ಹಿಡಿತ ಸಿಗುವುದಿಲ್ಲ. ಕರಿಯ ಎರಡು ಸಲ ಜಾರಿ ಬಿದ್ದ. ಮೂರನೇ ಸಲ ಪಕ್ಕದ ಸಿಲ್ವರ್ ಮರ ಹತ್ತಿ ಅಲ್ಲಿಂದ ಆಚೆ ಹಾರಿದ! ಕಾಂಡಕ್ಕೆ ತಗಡು ಸುತ್ತೋಣವೆಂದರೆ ಅದರ ತುಂಬ ಮೆಣಸಿನ ಬಳ್ಳಿ. ಬಳ್ಳಿ ಮುಟ್ಟಿದರೆ ಮಾವ ನನ್ನನ್ನೇ ಬೇಲಿ ದಾಟಿಸುತ್ತಾರೆ.

ಐದನೇ ವಾರ ಒಂದು ವಿಷಯ ಹೊಳೆಯಿತು. ಅವನು ಎಂಟಕ್ಕೇ ಯಾಕೆ ಬರುತ್ತಾನೆ? ಮೀನಿನ ಗಾಡಿ ಹಾರ್ನು ಒತ್ತುತ್ತಾ ಬರುವುದು ಆಗ! ಅಂಥದ್ದೇ ರಬ್ಬರ್ ಹಾರ್ನು ತಂದು ಸಂಜೆ ಆರಕ್ಕೆ ಒತ್ತಿದೆ. ಕರಿಯ ಎರಡು ನಿಮಿಷದಲ್ಲಿ ಹಾಜರು. ತೋಟದ ಕೆಲಸಗಾರರ ಲೈನು ಮನೆಗಳ ನಾಲ್ಕು ಬೆಕ್ಕೂ ಹಾಜರು. ಎದುರು ಮನೆಯ ಅಜ್ಜಿ ಪಾತ್ರೆ ಹಿಡಿದು ಬಂದು "ಎಲ್ಲೇ ಮೀನಿನವನು?" ಅಂದರು.

ಹಾರ್ನು ಅಟ್ಟ ಸೇರಿತು. ಈಗ ಹಳೇ ಬಿಸ್ಕತ್ತಿನ ಡಬ್ಬಕ್ಕೆ ಚಮಚದಿಂದ ಬಡಿಯುತ್ತೇನೆ. ಬೆಳಿಗ್ಗೆ ಸ್ವಲ್ಪವೇ ಹಾಲನ್ನ, ಹೊಟ್ಟೆ ತುಂಬ ಊಟ ಸಂಜೆ ಆರಕ್ಕೆ, ಸೌದೆ ಕೋಣೆಯಲ್ಲೇ. ಡಬ್ಬ ಬಡಿದ ಮೇಲೆ ಏನಾದರೂ ಕೊಡಲೇಬೇಕು. ಮಾತ್ರೆ ಕುಡಿಸಲು ಬಡಿಯಲೇಬಾರದು, ಒಂದು ಸಲ ಬಡಿದು ಮೂರು ದಿನ ಕಳೆದುಕೊಂಡೆ.

ಕೊರಳ ಪಟ್ಟಿ ಬೆಳ್ಳಿಗೆ ಮಾತ್ರ. ಜೋರಾಗಿ ಎಳೆದರೆ ತಾನೇ ಬಿಚ್ಚಿಕೊಳ್ಳುವಂಥದ್ದು. ಏಳನೇ ವಾರ ಅದು ಕಾಫಿ ಗಿಡದ ರೆಂಬೆಗೆ ನೇತಾಡುತ್ತಿತ್ತು, ಬೆಳ್ಳಿ ಮನೆಯಲ್ಲಿ ಮಲಗಿದ್ದಳು. ಗಟ್ಟಿ ಬಕಲ್ಲಿನದು ಕಟ್ಟಿದ್ದರೆ ಅವಳೇ ಅಲ್ಲಿ ನೇತಾಡುತ್ತಿದ್ದಳು, ಅಲ್ವಾ?

ಪಕ್ಕದ ತೋಟದ ರೈಟರ (ಲೆಕ್ಕಪತ್ರ ನೋಡುವವರ) ಹತ್ತಿರವೂ ಮಾತಾಡಿದೆ. ಅವರು ಗೋದಾಮಿನಲ್ಲಿ ಇಲಿ ಪಾಷಾಣ ಇಡುತ್ತಿದ್ದರು. ಅದನ್ನು ತಿಂದ ಇಲಿಯನ್ನು ಹಿಡಿದು ತಿಂದರೆ ಬೆಕ್ಕಿಗೂ ವಿಷ ಏರಬಹುದು, ಕೆಲವು ಪಾಷಾಣದಲ್ಲಿ ರಕ್ತ ಹೆಪ್ಪುಗಟ್ಟುವುದೇ ನಿಲ್ಲುತ್ತದೆ. ಈಗ ಬೋನು ಇಡುತ್ತಿದ್ದಾರೆ. ಬೇಲಿಗೆ ಸುರಿದ ದುಡ್ಡಿಗಿಂತ ಈ ಹತ್ತು ನಿಮಿಷದ ಮಾತೇ ಮೇಲು.

ಒಂಬತ್ತನೇ ವಾರ: ಕಳೆದ 14 ಸಂಜೆಗಳಲ್ಲಿ 12 ಸಂಜೆ ಕರಿಯ ಆರೂವರೆಯೊಳಗೆ ಒಳಗಿದ್ದ. ಒಂದು ದಿನ ಜೋರು ಮಳೆ, ಡಬ್ಬದ ಸದ್ದು ಕೇಳಿಲ್ಲ. ಇನ್ನೊಂದು ದಿನ ಅವನಿಗೇ ಗೊತ್ತು. ಅಜ್ಜಿ ಮಾತ್ರ ಈಗಲೂ ಬೆಳಿಗ್ಗೆ ಹಾರ್ನು ಕೇಳಿದರೆ ಮೊದಲು ನಮ್ಮ ಅಂಗಳ ನೋಡುತ್ತಾರೆ, ಆಮೇಲೆ ರಸ್ತೆ.