ಮೂಲಬೆಲೆ ಬಂತು, ತೆರಿಗೆ ಬರಲಿಲ್ಲ

ಏಪ್ರಿಲ್ 10ರಂದು ನಮ್ಮ ಘಟಕದಿಂದ ಹೊರಟ ಒಂದು ಬಿಲ್ಲಿನ ಒಟ್ಟು ಮೊತ್ತ 4,72,000 ರೂಪಾಯಿ. ಸರಕಿನ ಬೆಲೆ ನಾಲ್ಕು ಲಕ್ಷ, ಅದರ ಮೇಲೆ ಶೇ 18ರ ಜಿಎಸ್‌ಟಿ 72,000. ಮೇ ತಿಂಗಳ ಕೊನೆಯ ವಾರ ಬ್ಯಾಂಕಿಗೆ ಜಮೆಯಾದದ್ದು ಸರಿಯಾಗಿ ನಾಲ್ಕು ಲಕ್ಷ. ಜತೆಗೆ ಬಂದ ಪಾವತಿ ವಿವರದಲ್ಲಿ ನಮ್ಮ ಬಿಲ್ ಸಂಖ್ಯೆಯ ಎದುರು ‘ಜಿಎಸ್‌ಟಿ ಹೋಲ್ಡ್’ ಎಂಬ ಎರಡು ಪದಗಳಿದ್ದವು. ಕಾರಣ ಎಲ್ಲಿಯೂ ಇರಲಿಲ್ಲ.

ಅಷ್ಟರಲ್ಲಿ ಆ ತೆರಿಗೆಯನ್ನು ನಾವು ಕಟ್ಟಿಯಾಗಿತ್ತು. ಸರಕು ಮಾರಿದವನ ತೆರಿಗೆಯ ಹೊಣೆ ಸಾಮಾನ್ಯವಾಗಿ ಬಿಲ್ಲಿನ ದಿನಾಂಕವನ್ನು ನೋಡುತ್ತದೆಯೇ ಹೊರತು ಹಣ ಕೈಸೇರಿದ ದಿನವನ್ನಲ್ಲ. ಆದ್ದರಿಂದ ಗಿರಾಕಿ ತಡೆಹಿಡಿದದ್ದು ಸರ್ಕಾರದ ತೆರಿಗೆಯನ್ನು ಎಂದು ಹೇಳುವುದು ತಪ್ಪಾಗುತ್ತದೆ. ನಾವು ನಮ್ಮ ದುಡಿಮೆ ಬಂಡವಾಳದಿಂದ ತೆಗೆದು ಮೊದಲೇ ಕಟ್ಟಿದ್ದ ಹಣವನ್ನು ಅವರು ತಮ್ಮಲ್ಲಿ ಇಟ್ಟುಕೊಂಡಿದ್ದರು.

ನಮ್ಮ ಲೆಕ್ಕ ಬರೆಯುವ ಹುಡುಗ ಈ 72,000ವನ್ನು ಟ್ಯಾಲಿ ಲೆಕ್ಕ ತಂತ್ರಾಂಶದಲ್ಲಿ ಟಿಡಿಎಸ್, ಅಂದರೆ ಪಾವತಿಸುವವರೇ ಹಿಡಿದು ಸರ್ಕಾರಕ್ಕೆ ಕಟ್ಟುವ ತೆರಿಗೆ, ಎಂಬ ತಲೆಬರಹದಡಿ ಹಾಕಿದ್ದ. ಅವನನ್ನು ದೂರುವಂತಿಲ್ಲ, ಏಕೆಂದರೆ ಸರ್ಕಾರಿ ಇಲಾಖೆ ಅಥವಾ ಸ್ಥಳೀಯ ಸಂಸ್ಥೆಗೆ ಸರಕು ಕೊಟ್ಟಾಗ ಕಡಿತವಾಗುವುದನ್ನು ಅವನು ನೋಡಿದ್ದಾನೆ. ಆದರೆ ಅದು ಬೇರೆಯೇ ಸಂಗತಿ. ಕೇಂದ್ರ ಜಿಎಸ್‌ಟಿ ಕಾಯ್ದೆಯ 51ನೇ ಸೆಕ್ಷನ್ ಪ್ರಕಾರ, 2018ರ ಅಕ್ಟೋಬರ್ 1ರಿಂದ, ಎರಡೂವರೆ ಲಕ್ಷಕ್ಕೆ ಮೀರಿದ ಗುತ್ತಿಗೆಯಲ್ಲಿ ಅಂಥ ಖರೀದಿದಾರರು ತೆರಿಗೆ ಬಿಟ್ಟು ಉಳಿದ ಮೌಲ್ಯದ ಮೇಲೆ ಶೇ 2ರಷ್ಟು ಹಿಡಿದು ಜಿಎಸ್‌ಟಿಆರ್-7 ಎಂಬ ರಿಟರ್ನ್‌ನಲ್ಲಿ ತೋರಿಸಬೇಕು, ಆಗ ಅದು ಜಿಎಸ್‌ಟಿ ಪೋರ್ಟಲ್‌ನಲ್ಲಿರುವ ನಮ್ಮ ಎಲೆಕ್ಟ್ರಾನಿಕ್ ನಗದು ಖಾತೆಗೆ ಬರುತ್ತದೆ. ಅಲ್ಲಿಯೂ ತಕರಾರುಗಳಿವೆ: ಕೆಲವರು ತೆರಿಗೆಯನ್ನೂ ಸೇರಿಸಿದ ಮೊತ್ತದ ಮೇಲೆ ಶೇ 2 ಹಿಡಿಯುತ್ತಾರೆ, ಕೆಲವರು ಹಿಡಿದ ಮೇಲೆ ರಿಟರ್ನ್ ಸಲ್ಲಿಸುವುದನ್ನು ಮರೆಯುತ್ತಾರೆ. ಆದರೂ ಅದಕ್ಕೊಂದು ಕಾನೂನಿನ ದಾರಿ ಇದೆ. ಖಾಸಗಿ ಗಿರಾಕಿಯ ‘ಹೋಲ್ಡ್’ ಯಾವ ಸರ್ಕಾರಿ ಖಾತೆಗೂ ಹೋಗುವುದಿಲ್ಲ. ಅದು ಬರಿಯ ಬಾಕಿ, ನಮ್ಮ ಪುಸ್ತಕದಲ್ಲಿ ಅವರ ಹೆಸರಿನಲ್ಲಿಯೇ ಇರಬೇಕು.

ಫೋನ್ ಮಾಡಿದಾಗ ಆ ಕಡೆಯ ಅಕೌಂಟ್ಸ್ ವಿಭಾಗದವರು ಹೇಳಿದ್ದು ಇಷ್ಟೇ: “ಸಾರ್, 2ಬಿಯಲ್ಲಿ ನಿಮ್ಮ ಬಿಲ್ ಕಾಣ್ತಾ ಇಲ್ಲ, ಕಂಡ ಮೇಲೆ ನೋಡೋಣ.” 2ಬಿ ಎಂದರೆ ಮಾರಾಟಗಾರರು ತೋರಿಸಿದ ಬಿಲ್ಲುಗಳಿಂದ ಖರೀದಿದಾರನಿಗೆ ಜಿಎಸ್‌ಟಿ ಪೋರ್ಟಲ್‌ನಲ್ಲಿ ತಾನಾಗಿಯೇ ಸಿದ್ಧವಾಗುವ ಪಟ್ಟಿ. ಅವರ ಭಯ ಸುಳ್ಳಲ್ಲ. ಮಾರಾಟಗಾರ ಬಿಲ್ಲನ್ನು ತೋರಿಸದಿದ್ದರೂ ಖರೀದಿದಾರ ಒಂದಷ್ಟು ಇನ್‌ಪುಟ್ ಕ್ರೆಡಿಟ್ (ಖರೀದಿಯ ಮೇಲಿನ ತೆರಿಗೆಯನ್ನು ತಾನು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವ ಸೌಲಭ್ಯ) ಪಡೆಯಲು 2019ರ ಅಕ್ಟೋಬರ್‌ನಿಂದ ಶೇ 20ರ ಸಡಿಲಿಕೆ ಇತ್ತು. ಅದು ಶೇ 10 ಆಯಿತು, ಶೇ 5 ಆಯಿತು, 2022ರ ಜನವರಿ 1ರಿಂದ ಇಲ್ಲವೇ ಇಲ್ಲವಾಯಿತು. ಈಗ ನಾವು ಮಾರಾಟದ ವಿವರ ಕೊಡುವ ಜಿಎಸ್‌ಟಿಆರ್-1ರಲ್ಲಿ ಹಾಕಿದ ಬಿಲ್ಲು ಅವರ 2ಬಿಯಲ್ಲಿ ಕಂಡರೆ ಮಾತ್ರ ಅವರಿಗೆ ಕ್ರೆಡಿಟ್.

ಕಾಣದಿದ್ದದ್ದಕ್ಕೆ ಕಾರಣ ನಾವೇ. ಐದು ಕೋಟಿಯೊಳಗಿನ ವಹಿವಾಟಿನವರಿಗೆ ಇರುವ ತ್ರೈಮಾಸಿಕ ಯೋಜನೆಗೆ ನಾವು ಆ ವರ್ಷವಷ್ಟೇ ಸೇರಿದ್ದೆವು. ಅದರಲ್ಲಿ ತೆರಿಗೆಯನ್ನು ತಿಂಗಳು ತಿಂಗಳೂ ಚಲನ್ ಮೂಲಕ ಕಟ್ಟುತ್ತೇವೆ, ಆದರೆ ಬಿಲ್ಲುಗಳ ವಿವರ ಮೂರು ತಿಂಗಳಿಗೊಮ್ಮೆ ಹೋಗುತ್ತದೆ. ನಡುವಿನ ಎರಡು ತಿಂಗಳ ಬಿಲ್ಲುಗಳನ್ನು ಮುಂದಿನ ತಿಂಗಳ 13ರೊಳಗೆ ಐಎಫ್‌ಎಫ್ ಎಂಬ ಸೌಲಭ್ಯದಲ್ಲಿ ಏರಿಸಬಹುದು. ಅದು ಕಡ್ಡಾಯವಲ್ಲವೆಂದು ನಾವು ಬಿಟ್ಟಿದ್ದೆವು. ನಮ್ಮ ಪಾಲಿಗೆ ಉಳಿದ ಅರ್ಧ ದಿನದ ಕೆಲಸ ಗಿರಾಕಿಯ ಪಾಲಿಗೆ ಎರಡು ತಿಂಗಳ ಕ್ರೆಡಿಟ್ ವಿಳಂಬವಾಗಿತ್ತು. ಅಲ್ಲಿಯವರೆಗೆ ಅವರು ತೆರಿಗೆ ಹಿಡಿದದ್ದು ನ್ಯಾಯವೆಂದೇ ನಾನು ಒಪ್ಪುತ್ತೇನೆ, ಅದರಲ್ಲೂ ಪರ್ಚೇಸ್ ಆರ್ಡರ್‌ನ ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಆ ಷರತ್ತು ಇದ್ದು ನಾವು ಸಹಿ ಹಾಕಿದ್ದೆವು.

ಜುಲೈ 14ರಂದು ಬಿಲ್ಲು ಕಂಡಿತು. ಆಗ ಅವರು ತೆರಿಗೆ ಕಟ್ಟಿದ್ದನ್ನು ತೋರಿಸುವ ರಿಟರ್ನ್ ಆದ ಜಿಎಸ್‌ಟಿಆರ್-3ಬಿ ಪ್ರತಿ ಕೇಳಿದರು. ಅದೂ ಸರಿ, 2ಬಿಯಲ್ಲಿ ಬಿಲ್ಲು ಕಂಡ ಮಾತ್ರಕ್ಕೆ ತೆರಿಗೆ ಕಟ್ಟಿದಂತಾಗದು, ಮಾರಾಟಗಾರ 3ಬಿ ಸಲ್ಲಿಸದೆ ಉಳಿದರೆ ಖರೀದಿದಾರ ಪಡೆದ ಕ್ರೆಡಿಟ್ ವಾಪಸ್ ಮಾಡಬೇಕೆನ್ನುವ 37ಎ ನಿಯಮವಿದೆ. ಜುಲೈ 22ರಂದು ಸಲ್ಲಿಸಿದ ಪ್ರತಿಯನ್ನು ಅಂದೇ ಕಳುಹಿಸಿದೆವು. ಆಮೇಲೆ ಆಗಸ್ಟ್ ಕಳೆಯಿತು, ಸೆಪ್ಟೆಂಬರ್ ಅರ್ಧವಾಯಿತು. ಕ್ರೆಡಿಟ್ಟೂ ಅವರದು, ನಮ್ಮ 72,000ವೂ ಅವರದು. ಈ ಎರಡು ತಿಂಗಳಿಗೆ ಮಾತ್ರ ನನ್ನ ಬಳಿ ಯಾವ ಸಮಾಧಾನವೂ ಇಲ್ಲ.

ಸೆಪ್ಟೆಂಬರ್‌ನಲ್ಲಿ ಒಂದು ಪತ್ರ ಬರೆದೆ. ಬಿಲ್ಲಿನ ದಿನಾಂಕದಿಂದ 180 ದಿನಗಳೊಳಗೆ ಮಾರಾಟಗಾರನಿಗೆ ಬೆಲೆಯನ್ನೂ ತೆರಿಗೆಯನ್ನೂ ಕೊಡದಿದ್ದರೆ ಖರೀದಿದಾರ ಕ್ರೆಡಿಟ್ಟನ್ನು ಬಡ್ಡಿ ಸಮೇತ ಹಿಂತಿರುಗಿಸಬೇಕೆಂದು 16ನೇ ಸೆಕ್ಷನ್ ಹೇಳುತ್ತದೆ, ನಮ್ಮ ಬಿಲ್ಲಿಗೆ ಆ ಗಡುವು ಅಕ್ಟೋಬರ್ 7ಕ್ಕೆ ಮುಗಿಯುತ್ತದೆ, ಆದ್ದರಿಂದ ನೀವು ಪೂರ್ತಿ 72,000 ಹಿಂತಿರುಗಿಸಬೇಕಾದೀತು ಎಂದು ಸ್ವಲ್ಪ ಗತ್ತಿನಿಂದಲೇ ಬರೆದಿದ್ದೆ. ಅವರ ಉತ್ತರ ಎರಡೇ ದಿನದಲ್ಲಿ ಬಂತು. ಹಿಂತಿರುಗಿಸಬೇಕಾದದ್ದು ಬಾಕಿಯ ಪ್ರಮಾಣದಷ್ಟು ಮಾತ್ರ, ಅಂದರೆ 4,72,000ದಲ್ಲಿ 72,000 ಬಾಕಿಯಿದ್ದರೆ 72,000ದ ಕ್ರೆಡಿಟ್ಟಿನಲ್ಲೂ ಅದೇ ಪ್ರಮಾಣದ ಪಾಲು, ಸುಮಾರು 10,983 ರೂಪಾಯಿ ಎಂದು ಅವರು ನನ್ನ ಲೆಕ್ಕ ತಿದ್ದಿದ್ದರು. ಅವರೇ ಸರಿ. ಆದರೆ ಆ ಲೆಕ್ಕ ಹಾಕಲು ಯಾರೋ ಕಡತ ತೆರೆದದ್ದರಿಂದಲೇ ಇರಬೇಕು, ಸೆಪ್ಟೆಂಬರ್ 29ರಂದು ಹಣ ಬಂತು.

ಸಣ್ಣ ಉದ್ದಿಮೆಗಳಿಗೆ 45 ದಿನಗಳ ಮಿತಿ ಮೀರಿದರೆ ಚಕ್ರಬಡ್ಡಿ ಕೊಡಿಸುವ 2006ರ ಕಾಯ್ದೆಯನ್ನು ಪತ್ರದಲ್ಲಿ ನಾನು ಎತ್ತಲಿಲ್ಲ. ಮುಂದಿನ ಆರ್ಡರ್ ಅದೇ ಮೇಜಿನಿಂದ ಬರಬೇಕಿತ್ತು. ಆ ಆರ್ಡರ್ ಬಂದಾಗ ಸಹಿ ಹಾಕುವ ಮೊದಲು, 2ಬಿಯಲ್ಲಿ ಕಂಡ ಏಳು ದಿನಗಳೊಳಗೆ ತೆರಿಗೆ ಬಿಡುಗಡೆಯಾಗಬೇಕೆಂದು ಕೈಯಲ್ಲಿ ಬರೆದು ವಾಪಸ್ ಕಳುಹಿಸಿದೆ. ಅವರು ಏಳನ್ನು ಹೊಡೆದು ಹದಿನೈದು ಮಾಡಿ, ‘ದಿನ’ದ ಹಿಂದೆ ‘ಕೆಲಸದ’ ಎಂದು ಸೇರಿಸಿದರು. ನಾನು ಸಹಿ ಹಾಕಿದೆ, ಆ ತಿಂಗಳ 13ರೊಳಗೆ ಐಎಫ್‌ಎಫ್ ಕೂಡ ಹಾಕಿಸಿದೆ.