ಹುಟ್ಟಿನಿಂದ ಇದ್ದದ್ದು ಸ್ಕ್ಯಾನಿನಲ್ಲಿ ಯಾಕೆ ಕಾಣಲಿಲ್ಲ?

ಆಪರೇಷನ್ ಮುಗಿಸಿ ಹೊರಗೆ ಬಂದು, 'ಸಣ್ಣ ಕರುಳಲ್ಲಿ ಹುಟ್ಟಿನಿಂದಲೇ ಒಂದು ಪುಟ್ಟ ಚೀಲ ಇತ್ತು, ತೆಗೆದಿದ್ದೇವೆ' ಅಂದ ಕೂಡಲೇ ಅಪ್ಪ ಅಮ್ಮ ಇಬ್ಬರೂ ಕೇಳುವುದು ಒಂದೇ ಮಾತು: "ಹುಟ್ಟಿನಿಂದ ಇತ್ತು ಅಂತೀರಿ. ಇಷ್ಟು ಸಲ ಸ್ಕ್ಯಾನ್ ಮಾಡ್ಸಿದ್ವಲ್ಲ ಡಾಕ್ಟ್ರೇ, ಒಂದ್ರಲ್ಲೂ ಯಾಕೆ ಕಾಣ್ಲಿಲ್ಲ?" ಕೇಳುವ ದನಿಯಲ್ಲಿ ಸ್ವಲ್ಪ ಸಿಟ್ಟೂ ಇರುತ್ತದೆ. ತಪ್ಪೇನಿಲ್ಲ. ಥಿಯೇಟರ್ ಬಾಗಿಲಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳುವ ಉತ್ತರವನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ.

ಆ ಚೀಲಕ್ಕೆ ಮೆಕಲ್ಸ್ ಡೈವರ್ಟಿಕ್ಯುಲಮ್ ಎಂದು ಹೆಸರು. ಗರ್ಭದ ಮೊದಲ ವಾರಗಳಲ್ಲಿ ಭ್ರೂಣದ ಕರುಳಿನಿಂದ ಹೊಕ್ಕುಳ ಮೂಲಕ ಹೊರಗಿನ ಭಂಡಾರ ಚೀಲಕ್ಕೆ (ಆಗ ಭ್ರೂಣಕ್ಕೆ ಪೋಷಣೆ ಕೊಡುವ ಯೋಕ್ ಸ್ಯಾಕ್) ಒಂದು ನಾಳ ಹೋಗಿರುತ್ತದೆ. ಏಳೆಂಟನೇ ವಾರದ ಹೊತ್ತಿಗೆ ಅದರ ಕೆಲಸ ಮುಗಿದು ಮುಚ್ಚಿಹೋಗಬೇಕು. ಕೆಲವರಲ್ಲಿ ಕರುಳಿನ ಕಡೆಯ ಮೋಟು ಹಾಗೇ ಉಳಿದುಬಿಡುತ್ತದೆ, ಅಷ್ಟೆ. 1598ರಲ್ಲೇ ಫ್ಯಾಬ್ರಿಸಿಯಸ್ ಹಿಲ್ಡಾನಸ್ ಇದನ್ನು ಗುರುತಿಸಿದ್ದ. ಎಲ್ಲಿಂದ ಬಂತು ಎಂದು ವಿವರಿಸಿದವನು ಜರ್ಮನಿಯ ಯೋಹಾನ್ ಫ್ರೀಡ್ರಿಶ್ ಮೆಕಲ್, 1809ರಲ್ಲಿ. (ತಾತನೂ ಅಂಗರಚನಾ ಶಾಸ್ತ್ರಜ್ಞ, ತಾತನ ಹೆಸರೂ ಅದೇ. ಹಾಗಾಗಿ ಇವನು ಪುಸ್ತಕಗಳಲ್ಲಿ 'ಕಿರಿಯ ಮೆಕಲ್'.) 'ಬಸುರಿಯಾಗಿದ್ದಾಗ ನಾನೇ ಏನಾದ್ರೂ ತಿಂದಿದ್ನಾ' ಎಂದು ಕೇಳುವ ತಾಯಂದಿರಿಗೆ ಒಂದೇ ಮಾತು: ಇಲ್ಲಮ್ಮ, ನೀವು ತಿಂದಿದ್ದಕ್ಕೂ ಬಿಟ್ಟಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ.

ಮೆಡಿಕಲ್ ಓದುವಾಗ ಇದಕ್ಕೊಂದು ಎರಡರ ಮಗ್ಗಿ ಕಲಿಸುತ್ತಾರೆ. ನೂರರಲ್ಲಿ ಸುಮಾರು 2 ಜನಕ್ಕೆ ಇರುತ್ತದೆ, ಉದ್ದ 2 ಇಂಚು, ಸಣ್ಣ ಕರುಳು ದೊಡ್ಡ ಕರುಳನ್ನು ಸೇರುವ ಜಾಗದಿಂದ 2 ಅಡಿ ಹಿಂದೆ, ತೊಂದರೆ ಕೊಡುವುದು 2 ವರ್ಷದೊಳಗೆ. ಪರೀಕ್ಷೆಗೆ ಚೆನ್ನಾಗಿದೆ. ಆದರೆ ಕೊನೆಯದನ್ನು ಅತಿಯಾಗಿ ನಂಬಿದರೆ ಹತ್ತು ವರ್ಷದ ಹುಡುಗನಲ್ಲೋ ನಲವತ್ತರ ಗಂಡಸಿನಲ್ಲೋ ಇದು ನೆನಪಿಗೇ ಬರುವುದಿಲ್ಲ.

ಈಗ ಮುಖ್ಯ ಪ್ರಶ್ನೆಗೆ. ಚೀಲ ಸುಮ್ಮನಿದ್ದಾಗ ಅದನ್ನು ಕರುಳಿನಿಂದ ಬೇರೆ ಎಂದು ಗುರುತಿಸುವುದೇ ಕಷ್ಟ. ಅದರ ಗೋಡೆಯಲ್ಲಿ ಕರುಳಿನ ಗೋಡೆಯ ಎಲ್ಲ ಪದರಗಳೂ ಇವೆ. ಅಲ್ಟ್ರಾಸೌಂಡ್‌ನಲ್ಲಿ, ಸಿ.ಟಿ.ಯಲ್ಲಿ ನೋಡಿದರೆ ಸುತ್ತಿಕೊಂಡಿರುವ ಕರುಳಿನ ರಾಶಿಯಲ್ಲಿ ಅದೂ ಒಂದು ಸುತ್ತು. ಎಂಡೋಸ್ಕೋಪಿ ಬಾಯಿಂದ ಹೋಗಿ ಸಣ್ಣ ಕರುಳಿನ ಶುರುವಿಗೆ ನಿಲ್ಲುತ್ತದೆ. ಕೊಲೊನೋಸ್ಕೋಪಿ ಕೆಳಗಿನಿಂದ ಬಂದು ಸಣ್ಣ ಕರುಳಿನ ಕೊನೆಯನ್ನು ಇಣುಕಿ ಹಿಂದಿರುಗುತ್ತದೆ. ಚೀಲ ಇರುವುದು ಇವೆರಡೂ ಮುಟ್ಟದ ನಡುವೆ. ಹಾಗಾಗಿ ನಾವು ಹುಡುಕುವುದು ಚೀಲವನ್ನಲ್ಲ, ಅದು ಮಾಡಿದ ತಂಟೆಯನ್ನು. ತಂಟೆ ಶುರುವಾಗುವವರೆಗೆ ಸಿಗುವುದಕ್ಕೆ ಏನೂ ಇರುವುದಿಲ್ಲ. ಹೆಚ್ಚಿನವರಲ್ಲಿ ಅದು ಜೀವನಪೂರ್ತಿ ಶುರುವಾಗುವುದೂ ಇಲ್ಲ.

ತಂಟೆಗಳಲ್ಲಿ ನನಗೆ ವಿಚಿತ್ರ ಅನ್ನಿಸುವುದು ರಕ್ತಸ್ರಾವ. ಚೀಲದೊಳಗೆ ಕೆಲವೊಮ್ಮೆ ಜಠರದ ಒಳಪದರ ಬೆಳೆದಿರುತ್ತದೆ, ಹೊಟ್ಟೆಯಲ್ಲಿ ಇರಬೇಕಾದ್ದು ದಾರಿತಪ್ಪಿ ಇಲ್ಲಿ ಕೂತಂತೆ. ಅದು ತನ್ನ ಪಾಡಿಗೆ ಆಸಿಡ್ ಸುರಿಸುತ್ತದೆ. ಪಕ್ಕದ ಸಣ್ಣ ಕರುಳಿಗೆ ಆಸಿಡ್ ತಾಳುವ ಶಕ್ತಿಯಿಲ್ಲ. ಹುಣ್ಣಾಗಿ ರಕ್ತನಾಳ ಒಡೆಯುತ್ತದೆ. ಮಗುವಿಗೆ ನೋವೇ ಇರುವುದಿಲ್ಲ. ಆಡುತ್ತಿರುವ ಮಗು ಮೋಷನ್‌ಗೆ ಹೋದರೆ ಇಟ್ಟಿಗೆ ಬಣ್ಣದ್ದೋ ಕಡುಗೆಂಪೋ ಆದ ರಕ್ತ, ಅದೂ ಗಾಬರಿಯಾಗುವಷ್ಟು. ಅಪ್ಪಂದಿರು ಸಂಕೋಚದಿಂದ ಫೋನ್ ತೆಗೆದು 'ಕ್ಷಮಿಸಿ ಡಾಕ್ಟ್ರೇ, ಡೈಪರ್ ಫೋಟೋ ತೆಗ್ದಿದೀನಿ' ಅನ್ನುತ್ತಾರೆ. ಕ್ಷಮೆ ಕೇಳಬೇಡಿ. ಬಾಯಲ್ಲಿ 'ಸ್ವಲ್ಪ ಕೆಂಪಗಿತ್ತು' ಅನ್ನುವುದಕ್ಕೂ ಆ ಫೋಟೋಗೂ ಅಜಗಜಾಂತರ.

ಎರಡನೆಯದು ಕರುಳು ಕಟ್ಟಿಕೊಳ್ಳುವುದು. ಚೀಲವೇ ಒಳಕ್ಕೆ ಮಗುಚಿ ಕರುಳನ್ನೂ ಎಳೆದುಕೊಂಡು ಮುಂದಿನ ಕರುಳಿನೊಳಗೆ ತೂರಬಹುದು. ಇಲ್ಲವೇ ಹಳೆಯ ನಾಳ ಒಂದು ದಾರದಂತೆ ಹೊಕ್ಕುಳಿಗೆ ಅಂಟಿಕೊಂಡೇ ಉಳಿದು, ಅದರ ಸುತ್ತ ಕರುಳು ತಿರುಚಿಕೊಳ್ಳಬಹುದು. ಹೊಟ್ಟೆ ಉಬ್ಬಿ ಮಗು ಹಸಿರು ವಾಂತಿ ಮಾಡಿದರೆ ಬೆಳಗಾಗಲಿ ಎಂದು ಕಾಯಬೇಡಿ. ತಿರುಚಿದ ಕರುಳಿಗೆ ರಕ್ತ ನಿಂತರೆ ಕೆಲವೇ ಗಂಟೆಗಳಲ್ಲಿ ಅದು ಸಾಯುತ್ತದೆ. ಮೂರನೆಯದು ಚೀಲಕ್ಕೆ ಸೋಂಕು ತಗಲಿ ಊದಿಕೊಳ್ಳುವುದು, ಕೆಲವೊಮ್ಮೆ ತೂತಾಗುವುದು. ಅದರ ನೋವು ಹೆಚ್ಚುಕಡಿಮೆ ಅಪೆಂಡಿಕ್ಸ್ ನೋವೇ. ಹೊರಗಿನಿಂದ ಬೇರೆ ಮಾಡಿ ಹೇಳಲು ನನಗಂತೂ ಬರುವುದಿಲ್ಲ.

ರಕ್ತ ಹೋಗುವ ಮಗುವಿಗೆ ಮಾಡುವ ಮೆಕಲ್ ಸ್ಕ್ಯಾನ್ ನನಗೆ ಇಷ್ಟವಾದ ಪರೀಕ್ಷೆ. ಟೆಕ್ನೀಷಿಯಂ-99ಎಂ ಎಂಬ ವಿಕಿರಣ ಸೂಸುವ ವಸ್ತು ಬೆರೆತ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಜಠರದ ಒಳಪದರ ಎಲ್ಲೇ ಇರಲಿ, ಅದನ್ನು ಹೀರಿಕೊಳ್ಳುತ್ತದೆ. ಪರದೆಯ ಮೇಲೆ ಮಗುವಿನ ಎಡಬದಿಗೆ ಜಠರ ಮೆಲ್ಲಗೆ ಕಪ್ಪಾಗುತ್ತಾ ಬರುತ್ತದೆ, ಕೆಳಗೆ ಮೂತ್ರಕೋಶ. ಏನೂ ಇರಬಾರದ ಜಾಗದಲ್ಲಿ, ಸಾಮಾನ್ಯವಾಗಿ ಹೊಟ್ಟೆಯ ಬಲಗೆಳಗೆ, ಒಂದು ಚುಕ್ಕೆ ಜಠರದ ಜೊತೆಜೊತೆಗೇ ದಟ್ಟವಾದರೆ ಕಳ್ಳ ಸಿಕ್ಕಿದ. ಮೂತ್ರಕೋಶ ತುಂಬಿದ್ದರೆ ಅದರ ಹಿಂದೆ ಚುಕ್ಕೆ ಅಡಗುತ್ತದೆ, ಅದಕ್ಕೇ ಮಗುವಿಗೆ ಮತ್ತೆ ಮತ್ತೆ ಮೂತ್ರ ಮಾಡಿಸುವುದು. ವಿಕಿರಣದ ಭಯಕ್ಕೆ ಹೇಳುವುದಾದರೆ, ಈ ಟೆಕ್ನೀಷಿಯಂ 6 ಗಂಟೆಗೆ ಅರ್ಧವಾಗುತ್ತದೆ, ಕೊಡುವ ಪ್ರಮಾಣವೂ ಕಡಿಮೆ.

ಆದರೆ ಈ ಸ್ಕ್ಯಾನ್ ಚೀಲವನ್ನು ತೋರಿಸುವುದಿಲ್ಲ, ಚೀಲದಲ್ಲಿರುವ ಜಠರದ ಪದರವನ್ನು ತೋರಿಸುತ್ತದೆ. ಆ ಪದರ ಇಲ್ಲದ ಚೀಲ ಎಷ್ಟು ದೊಡ್ಡದಿದ್ದರೂ ವರದಿ 'ನೆಗೆಟಿವ್'. ಪದರ ತೀರಾ ಚಿಕ್ಕದಾಗಿದ್ದರೂ ತಪ್ಪಿಹೋಗಬಹುದು. ದೊಡ್ಡವರಲ್ಲಿ ಇದರ ನಂಬಿಕೆ ಇನ್ನೂ ಕಡಿಮೆ. ಅವರಿಗೆ ನುಂಗುವ ಕ್ಯಾಮೆರಾ ಕ್ಯಾಪ್ಸೂಲ್ ಮುಂತಾದ ದಾರಿಗಳಿವೆ. ಮಗುವಿಗೆ ಮತ್ತೆ ಮತ್ತೆ ರಕ್ತ ಹೋಗುತ್ತಿದ್ದು ಸ್ಕ್ಯಾನ್ ನೆಗೆಟಿವ್ ಬಂದರೆ ನಾನು ಕಾಗದವನ್ನು ನಂಬುವುದಿಲ್ಲ, ಮಗುವನ್ನು ನಂಬುತ್ತೇನೆ. ಸ್ಕ್ಯಾನ್ ಮತ್ತೊಮ್ಮೆ ಮಾಡಿಸುತ್ತೇನೆ, ಅಥವಾ ಹೊಕ್ಕುಳಲ್ಲಿ ಲ್ಯಾಪರೋಸ್ಕೋಪ್ ಇಳಿಸಿ ಕಣ್ಣಾರೆ ನೋಡುತ್ತೇನೆ.

ಎಷ್ಟೋ ಸಲ ಸಿಗುವುದೇ ಹಾಗೆ. ಅಪೆಂಡಿಕ್ಸ್ ಎಂದು ಹೊಟ್ಟೆ ತೆರೆದರೆ ಅಪೆಂಡಿಕ್ಸ್ ನುಣ್ಣಗೆ, ತಿಳಿಗುಲಾಬಿಯಾಗಿ, ನಿರಪರಾಧಿಯಂತೆ ಕೂತಿರುತ್ತದೆ. ಆಗ ಸಣ್ಣ ಕರುಳಿನ ಕೊನೆಯನ್ನು ಹಿಡಿದು ಒಂದೊಂದೇ ಗೇಣು ಹಿಂದಕ್ಕೆ ಎಳೆದು ನೋಡುತ್ತಾ ಹೋಗುತ್ತೇವೆ, ಕೈ ಬದಲಿಸುತ್ತಾ, ಬಾವಿಯ ಹಗ್ಗ ಸೇದಿದಂತೆ. ರಕ್ತನಾಳಗಳು ಬಂದು ಸೇರುವ ಬದಿಗೆ ಸರಿಯಾಗಿ ಎದುರು ಬದಿಯಲ್ಲಿ ಕೈಬೆರಳಿನಂಥದ್ದೊಂದು ಎದ್ದು ಬರುತ್ತದೆ, ಕೆಂಪಗೆ ಊದಿಕೊಂಡು. ಅದನ್ನೋ, ಬುಡದಲ್ಲಿ ಹುಣ್ಣಿದ್ದರೆ ಆ ತುಂಡು ಕರುಳನ್ನೋ ಕತ್ತರಿಸಿ ಎರಡು ತುದಿ ಸೇರಿಸಿ ಹೊಲಿಯುತ್ತೇವೆ.

ಬೇರೆ ಯಾವುದೋ ಆಪರೇಷನ್ನಿನಲ್ಲಿ ಆಕಸ್ಮಿಕವಾಗಿ ಸುಮ್ಮನಿರುವ ಚೀಲ ಕಂಡರೆ ತೆಗೆಯಬೇಕೇ? ಸರ್ಜನ್‌ಗಳಲ್ಲೇ ಒಮ್ಮತವಿಲ್ಲ. ಚಿಕ್ಕ ಮಗುವಿನಲ್ಲಿ, ಒಳಗೆ ಗಟ್ಟಿಯಾಗಿ ಏನೋ ಕೈಗೆ ಸಿಕ್ಕರೆ, ಹೊಕ್ಕುಳಿಗೆ ದಾರ ಅಂಟಿದ್ದರೆ ನಾನು ತೆಗೆಯುತ್ತೇನೆ. ವಯಸ್ಸಾದವರಲ್ಲಿ ಅದರ ಪಾಡಿಗೆ ಬಿಡುತ್ತೇನೆ.

ಮತ್ತೆ ಬೆಳೆಯುತ್ತದೆಯೇ ಎಂದೂ ಕೇಳುತ್ತಾರೆ. ಇಲ್ಲ. ಆದರೆ ಹೊಟ್ಟೆಯ ಯಾವ ಆಪರೇಷನ್ ಆದಮೇಲೂ ಒಳಗೆ ಕರುಳು ಅಂಟಿಕೊಳ್ಳುವ ಸಾಧ್ಯತೆ ಇದ್ದೇ ಇರುತ್ತದೆ. ಡಿಸ್ಚಾರ್ಜ್ ಕಾಗದವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಎಷ್ಟೋ ವರ್ಷ ಕಳೆದು ಹೊಟ್ಟೆನೋವು, ಹಸಿರು ವಾಂತಿ ಬಂದರೆ ಅಲ್ಲಿರುವ ಡಾಕ್ಟರಿಗೆ ಮೊದಲು ಅದನ್ನೇ ತೋರಿಸಿ.